ಅರವತ್ತೆರಡರಲ್ಲೇ ನಿಂತ ಡಬ್ಬಿ

ನನ್ನ ಬಲಗೈ ಮಣಿಕಟ್ಟಿನ ಮೂಳೆ ನೆಟ್ಟಗೆ ಕೂಡಲಿಲ್ಲ. ಚಳಿಗೆ ನೋಯುತ್ತದೆ. ರಾಯಚೂರಿನಲ್ಲಿ ಚಳಿ ಎಂಬುದು ಹದಿನೈದು ದಿನದ ಮಾತು, ಹಾಗಾಗಿ ದೊಡ್ಡ ತೊಂದರೆಯೇನಿಲ್ಲ. ಯಾರಾದರೂ ಕೇಳಿದರೆ ಬಸ್ಸಿನಿಂದ ಬಿದ್ದೆ ಎನ್ನುತ್ತೇನೆ. ಬಿದ್ದದ್ದಲ್ಲ, ಹೊಡೆತ ತಿಂದದ್ದು. ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ, ಬಾಯ್ಲರಿನ ಮುಂದೆ, ಒಬ್ಬರು ಉದ್ದನೆಯ ಕಬ್ಬಿಣದ ಕೊಕ್ಕೆಯಿಂದ ನನ್ನ ಕೈಗೆ ಬೀಸಿ ಹೊಡೆದರು. ಹೊಡೆಯದಿದ್ದರೆ ನಾನೂ ಅವರೂ ಹೊರಗೆ ಕಣದಲ್ಲಿ ಭತ್ತ ಹರವುತ್ತಿದ್ದ ಹತ್ತು ಹನ್ನೆರಡು ಹೆಣ್ಣುಮಕ್ಕಳೂ ಆ ಮಧ್ಯಾಹ್ನವೇ ಮುಗಿದುಹೋಗುತ್ತಿದ್ದೆವು. ಅವರು ನನಗೆ ಮಾಡಿದ್ದು ಅದು. ನಾನು ಅವರಿಗೆ ಮಾಡಿದ್ದನ್ನು ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಎಲೆಕ್ಟ್ರಾನಿಕ್ಸ್ ಓದಿ ರಾಯಚೂರಿಗೆ ಮರಳಿದ್ದೆ. ಹೈದರಾಬಾದಿನಲ್ಲಿ ಕೆಲವು ವರ್ಷ ದುಡಿದು ಬಂದಿದ್ದವರೊಬ್ಬರು ಕೋಟೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಕಂಪ್ಯೂಟರ್ ಕಂಪನಿ ತೆರೆದಿದ್ದರು. ಕಂಪನಿ ಎಂದರೆ ಅವರು, ನಾನು, ಬೆಸುಗೆ ಹಾಕುವ ಇಬ್ಬರು, ಅಷ್ಟೆ. ಓಣಿಯವರು ನಮ್ಮನ್ನು ರೇಡಿಯೊ ರಿಪೇರಿಯವರೆಂದೇ ತಿಳಿದಿದ್ದರು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಕೆಲಸ ಮಾಡುತ್ತಿದ್ದೆವು. ಇಲ್ಲದಿದ್ದರೆ ನಾವು ಮಾಡುವ ಕಂಪ್ಯೂಟರ್ ಸರ್ಕ್ಯೂಟ್ ಹಲಗೆಗಳು ನಮಗಿಂತ ಮೊದಲು ತಲೆತಿರುಗಿ ಬೀಳುತ್ತಿದ್ದವು.

ನಾವು ಮಾಡುತ್ತಿದ್ದದ್ದು ಒಂದು ಕಬ್ಬಿಣದ ಡಬ್ಬಿ. ಮಾನ್ವಿಯ ಸುತ್ತ ಕಾಲುವೆ ನೀರು ಬಂದು ಭತ್ತ ಹೆಚ್ಚಾಗಿ, ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವ ಮಿಲ್ಲುಗಳು ಎದ್ದಿದ್ದವು. ಬೇಯಿಸಲು ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು, ಬಾಯ್ಲರಿನಲ್ಲಿ ನೀರು ಒಂದು ಮಟ್ಟಕ್ಕಿಂತ ಇಳಿಯಬಾರದು. ಆ ಮಟ್ಟವನ್ನು ಕಾಯುವುದು ನಮ್ಮ ಡಬ್ಬಿಯ ಕೆಲಸ. ಬಾಯ್ಲರಿನ ಪಕ್ಕದ ಕೊಳವೆಯೊಳಗೆ ಒಂದು ಸಲಾಕೆ, ಅದರಿಂದ ಡಬ್ಬಿಗೆ ವೈರು, ಡಬ್ಬಿಯ ಮುಖದ ಮೇಲೆ ನೂರಕ್ಕೆ ಎಷ್ಟು ನೀರಿದೆ ಎಂದು ತೋರಿಸುವ ಕೆಂಪು ಅಂಕಿ. ನೀರು ಇಳಿದರೆ ಡಬ್ಬಿ ತಾನೇ ಪಂಪು ಹಾಕುತ್ತದೆ. ತೀರ ಇಳಿದರೆ ಗಂಟೆ ಬಾರಿಸಿ, ಬೆಂಕಿಗೆ ಗಾಳಿ ಊದುವ ಫ್ಯಾನನ್ನು ನಿಲ್ಲಿಸುತ್ತದೆ.

ಡಬ್ಬಿಯೊಳಗಿನ ಪ್ರೋಗ್ರಾಮು ಒಂದು ಚಿಪ್‌ನಲ್ಲಿ ಇರುತ್ತಿತ್ತು. ಅದರಲ್ಲಿ ಒಂದು ಸಣ್ಣ ಭಾಗಕ್ಕೆ ಡ್ರೈವರ್ ಎನ್ನುತ್ತಿದ್ದೆವು. ಸಲಾಕೆಯನ್ನು "ನೀರೆಷ್ಟು?" ಎಂದು ಕೇಳಿ, ಬಂದ ಉತ್ತರವನ್ನು ಉಳಿದ ಪ್ರೋಗ್ರಾಮಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಅದನ್ನು ಬರೆದವನು ನಾನು. ಕಾಗದದ ಮೇಲೆ ಬರೆದು, ಸಂಖ್ಯೆಗಳಾಗಿ ತಿರುಗಿಸಿ, ಒಂದೊಂದೇ ಸಂಖ್ಯೆ ಒತ್ತಿ ಚಿಪ್‌ಗೆ ಏರಿಸಿದ್ದೆ. ಚಿಪ್‌ನ ಬೆನ್ನ ಮೇಲೆ ಹೆಸರುಕಾಳಿನಷ್ಟು ಅಗಲದ ಗಾಜಿನ ಕಿಂಡಿ ಇರುತ್ತದೆ. ಬರೆದದ್ದನ್ನು ಅಳಿಸಬೇಕಾದರೆ ಆ ಕಿಂಡಿಗೆ ಒಂದು ಬಗೆಯ ನೇರಳೆ ದೀಪ ಹಿಡಿಯುತ್ತೇವೆ. ಬಿಸಿಲಿಗೂ ಅಳಿಸುವ ಗುಣ ಉಂಟು, ನಿಧಾನವಾಗಿ. ಅದಕ್ಕೆಂದೇ ಕಿಂಡಿಯ ಮೇಲೆ ಕಪ್ಪು ಕಾಗದದ ಪಟ್ಟಿ ಅಂಟಿಸಿ ಕಳಿಸುತ್ತಿದ್ದೆವು.

ಮಾನ್ವಿಯ ಆ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಬಾಯ್ಲರ್ ಕಾಕಾ ಎನ್ನುತ್ತಿದ್ದರು. ದೇವದುರ್ಗ ತಾಲೂಕಿನ ಮಸರಕಲ್ ಅವರ ಊರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಗುಲ್ಬರ್ಗಾಕ್ಕೆ ಹೋಗಿ ಪರೀಕ್ಷೆ ಕೊಟ್ಟು ಬಾಯ್ಲರ್ ನಡೆಸುವ ಸರ್ಟಿಫಿಕೇಟು ತಂದವರು. ಅದನ್ನು ಗಾಜು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ತೂಗುಬಿಟ್ಟಿದ್ದರು. ಊರಿಗೆ ಹೋದಾಗ ಜನ ಅವರನ್ನು ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸುತ್ತಿದ್ದರೆಂದು ಅವರೇ ಒಮ್ಮೆ ನಾಚುತ್ತ ಹೇಳಿದ್ದರು. ಅವರಿಗಿದ್ದ ಆಸ್ತಿ ಅದೊಂದೇ: ಬೆಂಕಿ ನೀರು ಎರಡನ್ನೂ ಬಲ್ಲವನು ಎಂಬ ಹೆಸರು.

ಡಬ್ಬಿ ಕೂರಿಸಲು ನಾನು ಹೋದ ದಿನ ಅವರು ಬಹಳ ಹೊತ್ತು ಅದರ ಸುತ್ತ ತಿರುಗಾಡಿದರು.

"ಸಾಹೇಬ್ರ, ಇದಕ್ಕ ನೀರಡಿಕಿ ಆಗ್ತದೇನ್ರಿ?"

"ಇಲ್ಲ ಕಾಕಾ, ಮಷೀನು."

"ನೀರಡಿಕಿ ಆಗದಾಂವಗ ನೀರು ಕಾಯೋ ಕೆಲಸ ಕೊಟ್ಟೀರಲ್ರಿ ಮತ್ತ!"

ನಾನು ನಕ್ಕೆ. ಅದನ್ನು ರಾಯಚೂರಿಗೆ ಹೋಗಿ ನಮ್ಮ ಮಾಲೀಕರಿಗೂ ಹೇಳಿ ನಗಿಸಿದೆ.

ಡಬ್ಬಿ ಬರುವ ಮೊದಲು ಬಾಯ್ಲರ್ ಮನೆಯಲ್ಲಿ ಇಬ್ಬರಿದ್ದರು. ಹೊಟ್ಟು ಹಾಕಿ ಬೆಂಕಿ ನೋಡುವವರು ಕಾಕಾ. ಬಾಯ್ಲರಿನ ಮುಂದಿನ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡುತ್ತ ಪಂಪು ಹಾಕುವವ ಇನ್ನೊಬ್ಬ. ಡಬ್ಬಿ ಬಂದ ತಿಂಗಳಿಗೆ ಮಿಲ್ಲಿನ ಸಾಹುಕಾರರು ಆ ಇನ್ನೊಬ್ಬನನ್ನು ಬಿಡಿಸಿದರು. "ಇನ್ನ ನೀರು ನೋಡಾಂವ ಈ ಡಬ್ಬಿ. ನೀ ಹೊಟ್ಟು ನೋಡಿಕೋ, ಪುರುಸೊತ್ತು ಆದ್ರ ಭತ್ತ ನೆನಸೋ ಹೌದಿನ ಕಡಿ ಹೋಗು" ಎಂದು ಕಾಕಾಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಗ ನನಗೆ ಹೆಮ್ಮೆಯಾಗಿತ್ತು.

ಮೊದಮೊದಲು ತೊಂದರೆಯೊಂದಿತ್ತು. ಸಲಾಕೆ ಕೆಲವು ಸಲ ಉತ್ತರ ಕೊಡುತ್ತಿರಲಿಲ್ಲ. ಅಕ್ಕಿ ಮಾಡುವ ದೊಡ್ಡ ಮೋಟರು ಚಾಲೂ ಆದಾಗ ವೋಲ್ಟೇಜು ಕುಸಿದು, ಅರೆಕ್ಷಣ ಉತ್ತರ ತಪ್ಪುತ್ತಿತ್ತು. ನಾನು ಬರೆದಿದ್ದ ಡ್ರೈವರ್ ಒಂದು ಉತ್ತರ ತಪ್ಪಿದರೂ ಅಪಾಯವೆಂದು ತಿಳಿದು ಗಂಟೆ ಬಾರಿಸಿ ಫ್ಯಾನು ನಿಲ್ಲಿಸುತ್ತಿತ್ತು. ಸಾಹುಕಾರರು ರಾಯಚೂರಿಗೇ ಬಂದು ಕೂಗಾಡಿದರು.

"ಏನ್ರಿ ನಿಮ್ಮ ಡಬ್ಬಿ? ದಿನಕ್ಕ ಹತ್ತು ಸಲ ಬಡಕೋತದ. ಗುಡಿ ಗಂಟಿ ಆದ್ರೂ ಹೊತ್ತು ನೋಡಿ ಬಡೀತದ. ನನ್ನ ಉಗಿ ಇಳೀತು, ಭತ್ತ ಅರೆಬರೆ ಬೆಂದು ಹಾಳಾತು. ಇದನ್ನ ಕಿತಗೊಂಡು ಹೋಗ್ರಿ."

ಅವರು ಹೋದ ಮೇಲೆ ಮಾಲೀಕರು ನನ್ನ ಮೇಜಿನ ಹತ್ತಿರ ಬಂದರು.

"ಇದರ ಬಾಯಿ ಮುಚ್ಚಸು. ಸಲಾಕಿ ಉತ್ತರ ಕೊಡಲಿಲ್ಲಂದ್ರ ಲೋಕ ಮುಳುಗತದೇನು? ಹಿಂದಿನ ಉತ್ತರನ ಇಟಗೊಂಡು ನಡಿ."

"ಎಷ್ಟು ಸಲ ಸರ್?"

"ಎಷ್ಟು ಸಲ ಅಂದ್ರ? ಮತ್ತ ಉತ್ತರ ಬರೋತನ."

ನಾನು ಬರೆದೆ. ಹತ್ತು ಸಲದ ತನಕ ಎಂದೋ ಇಪ್ಪತ್ತು ಸಲದ ತನಕ ಎಂದೋ ಒಂದು ಎಣಿಕೆ ಇಡಬೇಕಿತ್ತು. ಇಡಲು ಚಿಪ್‌ನಲ್ಲಿ ಜಾಗ ಉಳಿದಿರಲಿಲ್ಲ. ಜಾಗ ಮಾಡಲು ಉಳಿದದ್ದನ್ನೆಲ್ಲ ಮತ್ತೆ ಬರೆಯಬೇಕಿತ್ತು, ಎರಡು ದಿನದ ಕೆಲಸ. ನಾನು ಎರಡು ದಿನ ಉಳಿಸಿದೆ. ಹೊಸ ಚಿಪ್ ಹಾಕಿದ ಮೇಲೆ ಗಂಟೆ ಬಡಿದುಕೊಳ್ಳುವುದು ನಿಂತಿತು. ಸಾಹುಕಾರರು ಒಂದು ಚೀಲ ಹೊಸ ಅಕ್ಕಿ ಕಳಿಸಿದರು. ನಮ್ಮ ಮನೆಯಲ್ಲಿ ಆ ಅಕ್ಕಿಯ ಅನ್ನ ಉಂಡೆವು.

ಕಾಕಾ ಪ್ರತಿ ಅಮಾವಾಸ್ಯೆ ಬಾಯ್ಲರಿಗೆ ಪೂಜೆ ಮಾಡುತ್ತಿದ್ದರು. ಇದು ಅವರೊಬ್ಬರ ರೂಢಿಯಲ್ಲ. ನಮ್ಮ ಕಡೆ ಲಾರಿ, ತಕ್ಕಡಿ, ಅಂಗಡಿಯ ಗಲ್ಲಾಪೆಟ್ಟಿಗೆ ಯಾವುದಕ್ಕೂ ಅಮಾವಾಸ್ಯೆ ಪೂಜೆ ತಪ್ಪದು. ಕಾಯಿ ಒಡೆದು, ಬಾಯ್ಲರಿನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುವರು. ಒಂದು ಅಮಾವಾಸ್ಯೆಗೆ ನಾನು ಅಲ್ಲಿದ್ದೆ.

"ನಿಮ್ಮ ಡಬ್ಬಿಗೂ ಹಚ್ಚಲೇನ್ರಿ?"

"ಹಚ್ಚರಿ ಕಾಕಾ. ಅದೂ ಪಗಾರ ಇಲ್ಲದ ಆಳು."

ಕಪ್ಪು ಪಟ್ಟಿಯ ವಿಷಯ ನಾನು ಹೇಳಲಿಲ್ಲ. ಡಬ್ಬಿಯ ಬಾಗಿಲು ತೆಗೆಯಬೇಡಿ ಎಂದಷ್ಟೇ ಹೇಳಿದ್ದೆವು. ಬೇಸಿಗೆ ಏರಿದ ಮೇಲೆ ಡಬ್ಬಿ ಕಾಯತೊಡಗಿತು. ಒಳಗೆ ಗಾಳಿಯಾಡಲೆಂದು ಬಾಗಿಲು ತೆಗೆದಿಡಿ ಎಂದು ಹೇಳಿಕಳಿಸಿದವರೂ ನಾವೇ.

ಆ ಮಧ್ಯಾಹ್ನ ನಾನು ಸುಮ್ಮನೆ ನೋಡಿ ಹೋಗಲೆಂದು ರಾಯಚೂರಿನಿಂದ ಬಸ್ಸಿಗೆ ಹೋಗಿದ್ದೆ. ನೀರಮಾನ್ವಿಯಲ್ಲಿ ಗುಡಿಗೆ ಹೋಗುವ ಮಂದಿ ಇಳಿದು ಬಸ್ಸು ಖಾಲಿಯಾಗಿದ್ದು, ಕಿಟಕಿಯ ಪಕ್ಕ ಕೂರಲು ಜಾಗ ಸಿಕ್ಕಿದ್ದು ನೆನಪಿದೆ. ಅಂಥದೆಲ್ಲ ನೆನಪಿದೆ. ಬಾಯ್ಲರ್ ಮನೆಗೆ ಹೋದಾಗ ಕಾಕಾ ಇರಲಿಲ್ಲ, ಹಿಂದೆ ಹೊಟ್ಟಿನ ರಾಶಿಯಲ್ಲಿ ಬುಟ್ಟಿ ತುಂಬುತ್ತಿದ್ದರು. ಡಬ್ಬಿಯ ಮೇಲೆ ಅರವತ್ತೆರಡು ಎಂದಿತ್ತು. ಒಳ್ಳೆಯ ಅಂಕಿ. ನಾನು ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಅರವತ್ತೆರಡು ಎಂದು ಬರೆದೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ, ಅರವತ್ತೆರಡು. ಮತ್ತೆ ಬರೆದೆ. ಕುದಿಯುವ ನೀರು ಹತ್ತು ನಿಮಿಷ ಒಂದೇ ಅಂಕಿಯಲ್ಲಿ ನಿಲ್ಲುವುದುಂಟೇ ಎಂದು ನನಗೆ ಅನಿಸಲಿಲ್ಲ. ಎಷ್ಟು ಸ್ಥಿರವಾಗಿದೆ ಎಂದು ಸಂತೋಷಪಟ್ಟೆ.

ಕಾಕಾ ಬುಟ್ಟಿ ಹೊತ್ತು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಬುಟ್ಟಿ ಕೆಳಗೆ ಬಿತ್ತು.

"ಸದ್ದು ಕೇಳ್ರಿ."

"ಯಾವ ಸದ್ದು?"

"ಖಾಲಿ ಗಡಿಗಿ ಸದ್ದು ಅದ."

ಅವರು ಓಡಿಬಂದು ಬಾಯ್ಲರಿನ ಕೆಳಗಿನ ಪರೀಕ್ಷೆಯ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಒಣ ಉಗಿ ಹಾವಿನಂತೆ ಬುಸ್ಸೆಂದಿತು. ಗಾಜಿನ ಕೊಳವೆ ಪಾಚಿ ಬಣ್ಣಕ್ಕೆ ತಿರುಗಿ ಎಷ್ಟೋ ದಿನವಾಗಿತ್ತು, ಅದನ್ನು ಒರೆಸಿದರು. ಒಳಗೆ ಏನೂ ಇರಲಿಲ್ಲ. ಡಬ್ಬಿಯ ಮೇಲೆ ಆಗಲೂ ಅರವತ್ತೆರಡು.

ನನಗೆ ತಿಳಿದದ್ದು ಇಷ್ಟೇ: ನೀರಿಲ್ಲ, ನೀರು ಬೇಕು. ಪಂಪನ್ನು ಕೈಯಿಂದ ಹಾಕುವ ಹಸಿರು ಗುಂಡಿ ನನ್ನ ಪಕ್ಕದಲ್ಲೇ ಇತ್ತು. ಕೈ ಚಾಚಿದೆ. ಬೆರಳು ಗುಂಡಿಗೆ ತಾಗಿತು. ಅದು ತಣ್ಣಗಿತ್ತು. ಆಗಲೇ ಕೊಕ್ಕೆ ಬೀಸಿ ಬಂದದ್ದು.

"ನೀರ ಬಿಡಬ್ಯಾಡಲೇ! ಕೆಂಪಗ ಕಾದದ! ಎಲ್ಲಾರೂ ಹೋಗ್ತೀವಿ!"

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಬರಿದಾಗಿ ಕೆಂಪಗೆ ಕಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ನೀರು ಒಮ್ಮೆಲೇ ಉಗಿಯಾಗಿ ಬಾಯ್ಲರ್ ಸಿಡಿಯುತ್ತದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಪಡೆಯುತ್ತಿದ್ದೆ. ಇಷ್ಟು ವರ್ಷವಾದರೂ ಯಾವ ಗುಂಡಿ ಒತ್ತುವಾಗಲೂ ಬೆರಳು ಒಂದು ಗಳಿಗೆ ತಡೆಯುತ್ತದೆ, ಮನಸ್ಸು ಲೆಕ್ಕ ಹಾಕುತ್ತದೆ: ಕೊಕ್ಕೆ ಎರಡು ಗೇಣು ದೂರ ಇದ್ದಿದ್ದರೆ? ಅವರ ಕೈಯಲ್ಲಿ ಬುಟ್ಟಿ ಇನ್ನೂ ಇದ್ದಿದ್ದರೆ? ಇನ್ನೊಂದು ಕೂದಲೆಳೆಯಷ್ಟು ಒತ್ತಿದ್ದರೆ?

ಕಾಕಾ ಫ್ಯಾನು ನಿಲ್ಲಿಸಿ ಒಲೆಯ ಬಾಗಿಲು ಎಳೆದರು. ಬೆಂಕಿ ಹೊರಕ್ಕೆ ನಾಲಿಗೆ ಚಾಚಿತು. ಅವರು ಹಿಂದೆ ಸರಿಯಲಿಲ್ಲ. ಉರಿಯುವ ಹೊಟ್ಟನ್ನು ಕೊಕ್ಕೆಯಿಂದ ಬಾಚಿ ಬಾಚಿ ನೆಲಕ್ಕೆ ಎಳೆದರು. ಕೊಕ್ಕೆ ಕಾದು ಅಂಗೈ ಸುಟ್ಟ ವಾಸನೆ ನನಗೆ ಬಂತು. "ಮಂದೀನ್ನ ಹೊರಗ ಹಾಕ್ರಿ" ಎಂದು ಕೂಗಿದರು. ನಾನು ಮುರಿದ ಕೈ ಹಿಡಿದುಕೊಂಡು ಕಣಕ್ಕೆ ಓಡಿದೆ. ಮಂದಿಯನ್ನು ಹೊರಗೆ ಹಾಕಿದೆನೋ, ಬರೀ ಓಡಿದೆನೋ, ಇಂದಿಗೂ ಖಾತ್ರಿಯಿಲ್ಲ. ಹೆಣ್ಣುಮಕ್ಕಳು ನನ್ನನ್ನು ನೋಡಿಯೇ ಓಡಿರಬೇಕು. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ನಿಂತೆವು. ಒಳಗೆ ಅವರೊಬ್ಬರೇ ಇದ್ದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದರು, ಎರಡೂ ಕೈ ಮುಂದೆ ಚಾಚಿಕೊಂಡು, ಯಾರಿಗೋ ಏನೋ ಕೊಡುವವರ ಹಾಗೆ.

"ಬೆಂಕಿ ಆರಿತ್ರಿ" ಎಂದರು. ಅಲ್ಲೇ ಕೂತುಬಿಟ್ಟರು.

ಮೂರನೆಯ ದಿನ ನಮ್ಮ ಮಾಲೀಕರು ನನ್ನನ್ನು ಕರೆದುಕೊಂಡು ಮಾನ್ವಿಗೆ ಹೋದರು. ನನ್ನ ಕೈಗೆ ಪ್ಲಾಸ್ಟರ್ ಇತ್ತು. ಕಾಕಾ ಕಣದಲ್ಲಿ ಒಂದು ಚೀಲದ ಮೇಲೆ ಕೂತಿದ್ದರು, ಎರಡೂ ಕೈಗೆ ಪಟ್ಟಿ. ಹಮಾಲರು, ಕಣದ ಹೆಣ್ಣುಮಕ್ಕಳು, ಎಲ್ಲರೂ ಸೇರಿದ್ದರು. ಸಾಹುಕಾರರೂ ಇದ್ದರು. ಮಾಲೀಕರು ನೇರ ಡಬ್ಬಿಯ ಹತ್ತಿರ ಹೋದರು, ಬಗ್ಗಿ ನೋಡಿದರು, ಅವರ ಮುಖ ಅರಳಿತು. ಅದನ್ನು ನಾನು ನೋಡಿದೆ. ಚಿಪ್‌ನ ಮೇಲೆ ಕಪ್ಪು ಪಟ್ಟಿ ಇರಲಿಲ್ಲ. ಗಾಜಿನ ಕಿಂಡಿ ಬರಿದಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ವಿಭೂತಿಯ ಮೂರು ಗೆರೆ.

"ಇದರ ಮ್ಯಾಲಿನ ಪಟ್ಟಿ ಯಾರು ಕಿತ್ತಿದ್ದು?"

ಕಾಕಾ ಎದ್ದು ನಿಂತರು. "ನಾನ ರೀ. ಅಮಾಸಿ ದಿನ ತೆಗದೆ. ಒಳಗ ಕಣ್ಣು ಇದ್ದಂಗ ಇತ್ತು. ಕಣ್ಣಿಗೆ ಪಟ್ಟಿ ಕಟ್ಟಿ ಪೂಜಿ ಮಾಡಿದ್ರ ಮುಟ್ಟಂಗಿಲ್ಲಲ್ರಿ."

"ಹೇಳು" ಎಂದು ಮಾಲೀಕರು ನನ್ನತ್ತ ತಿರುಗಿದರು. "ಎಲ್ಲಾರಿಗೂ ತಿಳಿಯೋ ಹಂಗ ಹೇಳು, ಇದರಿಂದ ಏನಾಗ್ತದ."

ನಾನು ಹೇಳಿದೆ. ಆಗ ನಾನು ಹೇಳಿದ್ದನ್ನು ನಂಬಿಯೂ ಇದ್ದೆ. ಚೆನ್ನಾಗಿ ಹೇಳಿದೆ, ಅದೇ ಕೆಟ್ಟದ್ದಾಯಿತು. ಇದರೊಳಗೆ ನಾವು ಅಕ್ಷರ ಬರೆದಿರುತ್ತೇವೆ, ನೀರು ಇಳಿದರೆ ಏನು ಮಾಡಬೇಕೆಂದು. ಬಿಸಿಲು ಆ ಕಿಂಡಿಯೊಳಗೆ ಹೋಗಿ ಒಂದೊಂದೇ ಅಕ್ಷರ ತಿನ್ನುತ್ತದೆ, ಗೆದ್ದಲು ಪುಸ್ತಕ ತಿಂದ ಹಾಗೆ. ತಿಂದು ಮುಗಿದ ಮೇಲೆ ಡಬ್ಬಿಗೆ ಏನು ಮಾಡಬೇಕೆಂದು ನೆನಪಿರುವುದಿಲ್ಲ. ಹಮಾಲರು ತಲೆಯಾಡಿಸಿದರು. ಗೆದ್ದಲು ಎಲ್ಲರಿಗೂ ಗೊತ್ತು.

ಕಾಕಾ ತಮ್ಮ ಕೈಗಳ ಕಡೆ ನೋಡಿಕೊಂಡರು. "ಹಂಗಾದ್ರ ಇಷ್ಟು ಮಂದೀನ್ನ ನಾನ ಕೊಲ್ತಿದ್ದೆ" ಎಂದರು. ಯಾರೂ ಅಲ್ಲ ಎನ್ನಲಿಲ್ಲ. ಕಣದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ, "ಸರ್ಟಿಫಿಕೀಟು ತೂಗು ಹಾಕ್ಯಾನ ನೋಡು" ಎಂದಳು. ಅವಳ ಜೀವವನ್ನು ಅವರು ಉಳಿಸಿ ಇನ್ನೂ ಮೂರು ದಿನವಾಗಿರಲಿಲ್ಲ. ಸಾಹುಕಾರರು ಅವರನ್ನು ಅಂದೇ ಬಿಡಿಸಿದರು.

ಮರುದಿನ ಬೆಳಿಗ್ಗೆ ನಾನು ರಾಯಚೂರಿನಲ್ಲಿ, ಡಬ್ಬಿಯಿಂದ ಕಿತ್ತು ತಂದಿದ್ದ ಆ ಚಿಪ್ಪನ್ನು ಓದುವ ಯಂತ್ರಕ್ಕೆ ಹಾಕಿದೆ. ಎಷ್ಟು ಅಕ್ಷರ ಅಳಿದಿವೆ ಎಂದು ನೋಡುವ ಕುತೂಹಲ, ಅಷ್ಟೆ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ನನ್ನ ಕಾಗದದ ಪಕ್ಕ ಇಟ್ಟು ಒಂದೊಂದೇ ಹೋಲಿಸಿದೆ. ಊಟದ ಹೊತ್ತಿಗೆ ಮುಗಿಯಿತು. ಒಂದು ಅಕ್ಷರವೂ ಅಳಿದಿರಲಿಲ್ಲ. ಬಾಯ್ಲರ್ ಮನೆಯ ಆ ಮೂಲೆಗೆ ಬಿಸಿಲು ಅಷ್ಟು ಬೀಳುತ್ತಲೇ ಇರಲಿಲ್ಲವೋ ಏನೋ. ನಾನು ಬರೆದದ್ದೆಲ್ಲ ನಾನು ಬರೆದ ಹಾಗೆಯೇ ಇತ್ತು.

ಅದೇ ಚಿಪ್ಪನ್ನು ಇನ್ನೊಂದು ಡಬ್ಬಿಗೆ ಹಾಕಿ, ಸಲಾಕೆಯನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟೆ. ಅಂಕಿ ಬಂತು. ಸಲಾಕೆಯ ವೈರನ್ನು ಕಿತ್ತೆ. ಅಂಕಿ ಹಾಗೆಯೇ ನಿಂತಿತು. ಬಕೆಟ್ಟಿನ ನೀರನ್ನು ಅಂಗಳಕ್ಕೆ ಚೆಲ್ಲಿ ಬಂದೆ. ಅಂಕಿ ಹಾಗೆಯೇ ಇತ್ತು. ಚಹಾ ಬಂತು, ಕುಡಿದೆವು, ಲೋಟ ತಗೊಂಡು ಹೋದರು. ಅಂಕಿ ಹಾಗೆಯೇ ಇತ್ತು. ಕೇಳಿದ್ದಕ್ಕೆ ಉತ್ತರವಿಲ್ಲ, ಆದ್ದರಿಂದ ಹಿಂದಿನ ಉತ್ತರ. ಮತ್ತೆ ಕೇಳಿದರೂ ಉತ್ತರವಿಲ್ಲ, ಆದ್ದರಿಂದ ಹಿಂದಿನ ಉತ್ತರ. ಬಾಯ್ಲರ್ ಸಿಡಿದು ಡಬ್ಬಿ ಹೊಲದಲ್ಲಿ ಬಿದ್ದಿದ್ದರೂ, ಕರೆಂಟು ಇರುವ ತನಕ ಅದು ಅರವತ್ತೆರಡೇ ಎನ್ನುತ್ತಿತ್ತು.

ಮಾಲೀಕರನ್ನು ಕರೆದು ತೋರಿಸಿದೆ. ಅವರು ತಾವೇ ವೈರನ್ನು ಇನ್ನೊಮ್ಮೆ ಸಿಕ್ಕಿಸಿ, ಕಿತ್ತು ನೋಡಿದರು.

"ಎಲ್ಲಾ ಮಿಲ್ಲಿನ ಚಿಪ್ ಬದಲು ಮಾಡು. ಹೊಸ ಮಾಡೆಲ್ ಬಂದದ ಅಂತ ಹೇಳು."

"ಕಾಕಾನ ವಿಷಯ ಸರ್?"

"ಅಂವಾ ತಾನ ಒಪ್ಪಿಕೊಂಡಾನಲ್ಲ. ನಾವು ಅಂದಿದ್ದೇನು? ಬಿಸಿಲಿಗೆ ಅಳೀತದ ಅಂದ್ವಿ. ಸುಳ್ಳೇನು?"

ಸುಳ್ಳಲ್ಲ. ಅಷ್ಟೂ ನಿಜವೇ ಆಗಿತ್ತು. ಎಣಿಕೆ ಸೇರಿಸಿ ಡ್ರೈವರನ್ನು ಮತ್ತೆ ಬರೆದೆ. ಎರಡು ದಿನ ಹಿಡಿಯಿತು. ಮಾನ್ವಿಯ ಆ ಮಿಲ್ಲಿನಲ್ಲಿ ಹೊಸ ಚಿಪ್ ಹಾಕುವಾಗ ಸಲಾಕೆಯ ವೈರು ನೋಡಿದೆ. ಇಲಿ ಕಡಿದಿತ್ತು. ಅಕ್ಕಿ ಮಿಲ್ಲಿನಲ್ಲಿ ಇಲಿ ಇರುತ್ತವೆ ಎಂದು ತಿಳಿಯಲು ಯಾವ ಕಾಲೇಜೂ ಬೇಕಿರಲಿಲ್ಲ. ಹೊಸ ವೈರು ಎಳೆದು, ಕಬ್ಬಿಣದ ಕೊಳವೆಯಲ್ಲಿ ಹಾಯಿಸಿ, ಯಾರಿಗೂ ಏನೂ ಹೇಳದೆ ಬಂದೆ.

ಹೀಗೆ ಒಂದು ವರ್ಷದ ಮೇಲಾಯಿತು. ದೇವದುರ್ಗದಲ್ಲಿ ಒಂದು ಹತ್ತಿ ಮಿಲ್ಲಿನ ಕೆಲಸಕ್ಕೆ ನನ್ನನ್ನು ಕಳಿಸಿದರು. ಕೆಲಸ ಬೇಗ ಮುಗಿಯಿತು. ರಾಯಚೂರಿಗೆ ಹೋಗುವ ಬದಲು ಮಸರಕಲ್ಲಿಗೆ ಹೋದೆ. ಧೈರ್ಯ ಬಂದು ಹೋದದ್ದಲ್ಲ. ಆ ಹಸಿರು ಗುಂಡಿ ಒತ್ತುವ ಕನಸು ನನಗೆ ಆಗಾಗ ಬೀಳುತ್ತಿತ್ತು; ಹಿಂದಿನ ವಾರದ ಕನಸಿನಲ್ಲಿ ನನ್ನ ಕೈ ತಡೆಯಲು ಕೊಕ್ಕೆ ಬಂದಿರಲಿಲ್ಲ.

ಕಾಕಾ ಮನೆಯ ಮುಂದೆ ಎರಡು ಎಳೆಯ ಕುರಿಮರಿಗಳಿಗೆ ಸೊಪ್ಪು ತಿನ್ನಿಸುತ್ತಿದ್ದರು. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿದ್ದವು. ಈಗ ಅಣ್ಣನ ಕುರಿ ಹಿಂದೆ ಹೋಗುತ್ತಿದ್ದರಂತೆ. ನನ್ನನ್ನು ಕಂಡು ಎದ್ದರು. "ಬರ್ರಿ ಸಾಹೇಬ್ರ, ಕೈ ಹ್ಯಾಂಗದ?" ಎಂದು ನನ್ನ ಕೈಯನ್ನು ಕೇಳಿದರು! ಒಳಗೆ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ಕಾಕಾನ ಹಣೆ ಬೋಳಾಗಿತ್ತು, ವಿಭೂತಿ ಇರಲಿಲ್ಲ. ಅದನ್ನು ಕೇಳುವ ಮುಖ ನನಗೆ ಇರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಚಿಪ್ ಅಳಿದಿರಲಿಲ್ಲ, ನೀವು ಪಟ್ಟಿ ತೆಗೆದದ್ದರಿಂದ ಏನೂ ಆಗಲಿಲ್ಲ, ವೈರನ್ನು ಇಲಿ ಕಡಿದಿತ್ತು, ಉತ್ತರ ಬರದಿದ್ದರೆ ಹಿಂದಿನ ಉತ್ತರವನ್ನೇ ಹೇಳು ಎಂದು ನಾನೇ ಬರೆದಿದ್ದೆ.

ಕಾಕಾ ತಾಳ್ಮೆಯಿಂದ ಕೇಳಿದರು. ಆಮೇಲೆ ಸಣ್ಣಗೆ ನಕ್ಕರು.

"ದೊಡ್ಡ ಮನಸ್ಸು ನಿಮ್ಮದು. ನನ್ನ ಸಮಾಧಾನಕ್ಕ ಇಷ್ಟು ದೂರ ಬಂದ್ರಿ."

"ಸಮಾಧಾನಕ್ಕ ಅಲ್ಲ ಕಾಕಾ, ಖರೇನ ಹಂಗ ಆಗಿದ್ದು."

"ಅವತ್ತ ನೀವು ಹೇಳಿದ್ದು ನನಗ ಪೂರಾ ತಿಳೀತ್ರಿ. ಬಿಸಿಲು ಅಕ್ಷರ ತಿಂತದ, ಗೆದ್ದಲ ಇದ್ದಂಗ. ಇವತ್ತ ಹೇಳಿದ್ದು ತಿಳಿಯಂಗಿಲ್ಲ. ಗೊತ್ತಿಲ್ಲಂದ್ರ ನಿನ್ನೀದು ಹೇಳು ಅಂತ ಯಾರರ ಕಲಸ್ತಾರೇನ್ರಿ? ಕುರಿ ಎಣಸಾಕ ಕಳಿಸಿದ ಹುಡುಗಗೂ ನಾವು ಹಂಗ ಕಲಸಂಗಿಲ್ಲ. ಅಷ್ಟು ಓದಿದವ್ರು ಬರೀತೀರೇನು ಹಂಗ?"

ಅವರು ನಂಬದೆ ಇರಲು ಕಾರಣ, ನಾನು ಮಾಡಿದ್ದು ಅವರ ಕಲ್ಪನೆಗೂ ಮೀರಿದ ಹುಚ್ಚುತನವಾಗಿತ್ತು. ಓದಿದವರ ಮೇಲೆ ಅವರಿಗಿದ್ದ ಗೌರವ ಅಷ್ಟಿತ್ತು.

ಅವರ ಹೆಂಡತಿ ನಂಬಿದರು. ಆಕೆ ಅಲ್ಲಿಯ ತನಕ ಬಾಗಿಲಿಗೆ ಒರಗಿ ನಿಂತು ಕೇಳಿದ್ದರು.

"ನಿಲ್ರಿ. ನೀವ ಬರದಿದ್ದಂತೀರಿ?"

"ಹೌದು ಯವ್ವಾ."

"ಯಾವಾಗ ತಿಳೀತು?"

"ಮರುದಿನ."

"ಮರುದಿನ!" ಆಕೆ ಮಜ್ಜಿಗೆಯ ಚೆಂಬನ್ನು ನನ್ನ ಮುಂದಿನಿಂದ ತೆಗೆದರು. "ನೂರು ಮಂದ್ಯಾಗ ಇವನ ಮಾರಿಗೆ ಮಸಿ ಹಚ್ಚಿದ್ರಿ. ಇವತ್ತ ಪಡಸಾಲಿ ಒಳಗ ಬಂದು ಒರಸ್ತೀನಂತೀರಿ. ನೋಡಾಕ ಇಲ್ಲಿ ಯಾರದಾರ? ನಾನು, ಹೊರಗ ಆ ಎರಡು ಮರಿ. ಎಲ್ಲಿ ಹಚ್ಚಿದ್ರೋ ಅಲ್ಲಿ ಹೋಗಿ ಒರಸ್ರಿ."

"ಏ ಸುಮ್ಮನಿರ, ಮನಿಗೆ ಬಂದವ್ರಿಗೆ…" ಎಂದರು ಕಾಕಾ.

"ನೀ ಸುಮ್ಮನಿರು. ವರ್ಷಾತು, ಹಣಿಗೆ ವಿಭೂತಿ ಹಚ್ಚಾಕ ಒಲ್ಲೆ ಅಂತೀದಿ, ನನ್ನ ಕೈಯಾಗಿಂದು ಪಾಪ ಅಂತ. ನೀ ಮಾತಾಡಬ್ಯಾಡ."

ಆಕೆ ಹೇಳಿದ ಹಾಗೆಯೇ ಮಾಡಿದೆ. ಮರುದಿನ ಸಿರವಾರದ ಮೇಲೆ ಮಾನ್ವಿಗೆ ಹೋದೆ. ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ.

"ಗೊತ್ತದ ಬಿಡ್ರಿ. ನಿಮ್ಮ ಮಾಲಕರು ಅವಾಗನ ನನಗ ಹೇಳ್ಯಾರ."

ನಾನು ಚಹಾದ ಲೋಟ ಕೆಳಗಿಟ್ಟೆ.

"ನಾ ಏನ ಮಾಡ್ಲಿ ಹೇಳ್ರಿ. ಬಾಯ್ಲರ್ ಒಳಗ ಸೀಸದ ಬಿರಡಿ ಇರಬೇಕು, ಕಾಯ್ದ್ರ ಕರಗಿ ಬೆಂಕಿ ಆರಸಾಕ. ಅದು ಸೋರ್ತದಂತ ನಾ ಕಬ್ಬಿಣದ ಬೋಲ್ಟ್ ಬಿಗಿಸಿದ್ದೆ. ಇನ್ಸ್‌ಪೆಕ್ಟರ್ ಬಂದಿದ್ರ ನಿಮ್ಮ ಡಬ್ಬೀನೂ ನೋಡ್ತಿದ್ದ, ನನ್ನ ಬೋಲ್ಟೂ ನೋಡ್ತಿದ್ದ. ಮಿಲ್ಲಿಗೆ ಬೀಗ. ಅಂವಾ ಪಟ್ಟಿ ಕಿತ್ತೀನಿ ಅಂದ, ಮುಗೀತು. ಹಿಂಗ ಎಲ್ಲಾರೂ ಉಳಿದ್ವಿ."

"ಇದನ್ನ ನಾನು ಹಮಾಲರ ಮುಂದೆ ಹೇಳಬೇಕು."

ಸಾಹುಕಾರರು ಸಿಟ್ಟಾಗಲಿಲ್ಲ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. "ಹೇಳ್ರಿ, ಯಾರ ಬ್ಯಾಡ ಅಂದ್ರು? ನಿಮ್ಮ ಡಬ್ಬಿ ಸುದ್ದಿ ಹೇಳ್ರಿ, ಬೋಲ್ಟಿಂದು ನನಗ ಬಿಡ್ರಿ" ಎಂದು ತಾವೇ ಎದ್ದು ಕಣಕ್ಕೆ ಬಂದು ಕರೆದರು.

ಬಂದವರು ಏಳೆಂಟು ಮಂದಿ. ಅಂದು ಇದ್ದವರಲ್ಲಿ ಇಬ್ಬರು ಮಾತ್ರ ಉಳಿದಿದ್ದರು. ಉಳಿದವರು ಈ ಸುಗ್ಗಿಗೆ ಬಂದ ಹೊಸಬರು, ಕಾಕಾನನ್ನು ಕಂಡವರೇ ಅಲ್ಲ. ಹೇಳಿದೆ. ಈ ಸಲ ಗೆದ್ದಲಿನ ಹೋಲಿಕೆ ಇರಲಿಲ್ಲ, ಹೋಲಿಸಲು ಏನೂ ಸಿಗಲಿಲ್ಲ. ಡಬ್ಬಿ ಸುಳ್ಳು ಹೇಳಿತು, ಹಾಗೆ ಹೇಳಲು ಕಲಿಸಿದವನು ನಾನು, ಅವರ ತಪ್ಪಿಲ್ಲ ಎಂದೆ. ಬೋಲ್ಟಿನ ಮಾತು ಬಾಯಿಯ ತನಕ ಬಂತು. ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು, ನುಂಗಿಕೊಂಡೆ. ಹಳಬರಲ್ಲಿ ಒಬ್ಬ ಬೀಡಿ ಹಚ್ಚುತ್ತ, "ಅಂವಾ ವಾಪಸ್ ಬರ್ತಾನೇನ್ರಿ ಮತ್ತ?" ಎಂದು ಸಾಹುಕಾರರನ್ನು ಕೇಳಿದ. "ಬಂದು ಏನ ಮಾಡ್ತಾನ, ಕೊಕ್ಕಿ ಹಿಡ್ಯಾಕ ಕೈ ಬೇಕಲ್ಲ" ಎಂದರು ಅವರು. ಅವನು ಹೌದೆನ್ನುವಂತೆ ತಲೆಯಾಡಿಸಿ ಕೆಲಸಕ್ಕೆ ಹೋದ.

ಹಿಂದೆ ನಿಂತು ಕೇಳುತ್ತಿದ್ದ ಹೊಸ ಬಾಯ್ಲರಿನವನು ನನ್ನ ಹತ್ತಿರ ಬಂದ. ಮೂವತ್ತರ ಮನುಷ್ಯ, ಮುಖವೆಲ್ಲ ಬೂದಿ. "ಅಂದ್ರ ಈ ಡಬ್ಬಿ ಅವಾಗ ಸುಳ್ಳು ಹೇಳ್ತಿತ್ತು?" ಎಂದು ಕೇಳಿದ. ಈಗ ಸರಿಮಾಡಿದ್ದೇನೆ ಎಂದೆ. "ಸರಿ ಅದ ಅಂತ ಅವಾಗೂ ನೀವ ಹೇಳಿದ್ರೇನು?" ಎಂದ. ಹೌದು ಎಂದೆ.

ಅವನು ಬಾಯ್ಲರ್ ಮನೆಗೆ ಹೋದ. ನಾನೂ ಹಿಂದೆ ಹೋದೆ. ಅವನು ಡಬ್ಬಿಯ ಸ್ವಿಚ್ಚನ್ನು ಆರಿಸಿದ, ಹೆಗಲ ಮೇಲಿನ ಅರಿವೆಯಿಂದ ಗಾಜಿನ ಕೊಳವೆಯನ್ನು ತಿಕ್ಕಿ ಒರೆಸಿದ, ಸ್ಟೂಲು ಎಳೆದು ನೀರಿನ ಮಟ್ಟ ನೋಡುತ್ತ ಅದರ ಮುಂದೆ ಕೂತ. ಒಲೆಗೆ ಹೊಟ್ಟು ಹಾಕುವವರಿಲ್ಲದೆ ಉಗಿ ಇಳಿಯತೊಡಗಿತು. ಭತ್ತದ ಹೌದಿನ ಕಡೆಯಿಂದ ಕೂಗು ಬಂತು. ಸಾಹುಕಾರರು ಒಳಗೆ ಬಂದು ಅವನನ್ನೂ ನನ್ನನ್ನೂ ನೋಡಿದರು. "ಎದ್ದೇಳಲೇ, ಹೊಟ್ಟು ಹಾಕು" ಎಂದು ಡಬ್ಬಿಯ ಸ್ವಿಚ್ಚನ್ನು ತಾವೇ ಮತ್ತೆ ಹಾಕಿದರು.